ಗಾಳಿ ನಿಂತಾಗಲೇ ಜಾಸ್ತಿ ಎಚ್ಚರ ಬೇಕು

ಚಂಡಮಾರುತ ದಾಟಿ ಬಂದವರನ್ನು ಎಲ್ಲರೂ ಮೊದಲು ಕೇಳೋದು ಒಂದೇ ಮಾತು, ಗಾಳಿ ಎಷ್ಟು ಜೋರಿತ್ತು ಅಂತ. ನನ್ನನ್ನೂ ತುಂಬ ಜನ ಕೇಳಿದ್ದಾರೆ. ಜೋರಿತ್ತು. ಪಕ್ಕದಲ್ಲೇ ಕೂತಿದ್ದ ಹೆಂಡತಿ ಕಿವಿಯ ಹತ್ತಿರ ಬಂದು ಕೂಗಿದರೂ ಅರ್ಧ ಮಾತು ಕೇಳಿಸುತ್ತಿರಲಿಲ್ಲ, ಅಷ್ಟು ಜೋರಿತ್ತು. ಆದರೂ ಅದರ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ನೆನಪಾಗುವುದು ಗಾಳಿ ಇಲ್ಲದೇ ಇದ್ದ ಹೊತ್ತು. ಗಾಳಿ ಬೀಸುವಾಗ ಯಾರಿಗೂ ಬುದ್ಧಿ ಹೇಳಬೇಕಾಗಿಲ್ಲ, ಎಲ್ಲರೂ ತಾವಾಗಿಯೇ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ಹಿಂದಿನ ದಿನ ಬಿಸಿಲು ಕಾಯುತ್ತಿರುವಾಗ, ನಟ್ಟನಡುವೆ ಚಂಡಮಾರುತದ ಕಣ್ಣು, ಅಂದರೆ ಅದರ ಮಧ್ಯದ ಶಾಂತ ಜಾಗ, ಹಾದು ಹೋಗುವಾಗ, ಎಲ್ಲ ಮುಗಿದು ಆಕಾಶ ತಿಳಿಯಾದ ಮೇಲೆ, ನಾವು ಮೈಮರೆಯೋದು ಆಗ. ಎಷ್ಟೋ ಪ್ರಾಣ ಹೋಗಿರೋದೂ ಹಾಗೆ ಮೈಮರೆತಾಗಲೇ.

ಮುನ್ನಾದಿನ ಕಡಲತೀರ ಎಷ್ಟು ಚೆನ್ನಾಗಿತ್ತು ಅಂದರೆ, ಸುದ್ದಿ ಕೇಳದೇ ಇದ್ದವರು ಯಾರೂ ನಂಬುತ್ತಿರಲಿಲ್ಲ. ಬಿಸಿಲಿತ್ತು. ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ, ಸೆಕೆ ಮಾತ್ರ ತಡೆಯೋಕೆ ಆಗುತ್ತಿರಲಿಲ್ಲ. ತುಂಬ ಎತ್ತರದಲ್ಲಿ ತೆಳು ಬಿಳಿ ಮೋಡದ ಎಳೆಗಳು ಕಡಲಿನ ಕಡೆಯಿಂದ ಹರಡಿಕೊಂಡಿದ್ದವು. ನಿಜವಾಗಿ ಬದಲಾಗಿದ್ದು ಅಲೆ. ಒಂದು ಬಿದ್ದ ಮೇಲೆ ಇನ್ನೊಂದು ಬೀಳುವುದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು, ಬಿದ್ದಾಗ ಮಾತ್ರ ಕಾಲಡಿಯ ಮರಳು ಅದುರುತ್ತಿತ್ತು. ಚಂಡಮಾರುತ ಕಡಲ ಮೇಲೆ ಸಾಮಾನ್ಯವಾಗಿ ಗಂಟೆಗೆ 15-20 ಕಿಲೋಮೀಟರ್ ವೇಗದಲ್ಲಷ್ಟೇ ಸಾಗುತ್ತದೆ, ಆದರೆ ಅದು ಎಬ್ಬಿಸಿದ ಅಲೆಗಳು ಅದಕ್ಕಿಂತ ಬೇಗ ಓಡುತ್ತವೆ. ಹಾಗಾಗಿ ಅದು ನೂರಾರು ಕಿಲೋಮೀಟರ್ ದೂರ ಇರುವಾಗಲೇ ಅದರ ಅಲೆ ಬಂದು ದಡ ಮುಟ್ಟಿರುತ್ತದೆ. ದೋಣಿಯವರಿಗೆ ಇದು ಚೆನ್ನಾಗಿ ಗೊತ್ತು. ಅಷ್ಟು ಒಳ್ಳೆ ಬಿಸಿಲಲ್ಲಿ ಅವರೆಲ್ಲ ಸೇರಿ ದೋಣಿಗಳನ್ನು ಆದಷ್ಟು ಮೇಲಕ್ಕೆ ಎಳೆದು, ಇಂಜಿನ್ ಬಿಚ್ಚಿ ಹೊತ್ತುಕೊಂಡು ಹೋಗುತ್ತಿದ್ದರು.

ಚಂಡಮಾರುತ ಹೇಗೆ ಬೆಳೆಯುತ್ತದೆ ಅನ್ನುವುದನ್ನು ತಿಳಿದುಕೊಂಡರೆ ಆ ಬಿಸಿಲನ್ನು ನಂಬಬಾರದು ಅಂತ ಗೊತ್ತಾಗುತ್ತದೆ. ಕಡಲ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು, ಮೇಲ್ಮೈ ಮಾತ್ರ ಅಲ್ಲ, ಹತ್ತಾರು ಮೀಟರ್ ಆಳದವರೆಗೂ. ಆ ನೀರು ಆವಿಯಾಗಿ ಮೇಲೇರಿ ಮೋಡವಾಗುವಾಗ ಬಿಡುವ ಶಾಖವೇ ಅದಕ್ಕೆ ಬಲ. ನೆಲ ಹತ್ತಿದ ಮೇಲೆ ಆ ಬಲ ಸಿಗುವುದಿಲ್ಲ, ಸೊರಗುತ್ತದೆ. ಒಳನಾಡಿನವರಿಗೆ ಸೊರಗಿದ್ದು ಸಿಗುತ್ತದೆ, ದಡದವರಿಗೆ ಪೂರ್ತಿ ಬಲದ್ದು. ದಡದ ಹತ್ತಿರದ ನೀರು ತುಂಬ ಬಿಸಿಯಾಗಿದ್ದರೆ ಇನ್ನೊಂದು ಅಪಾಯ ಇದೆ. 2023ರ ಅಕ್ಟೋಬರ್‌ನಲ್ಲಿ ಮೆಕ್ಸಿಕೊದ ಅಕಾಪುಲ್ಕೊಗೆ ಬಂದ ಓಟಿಸ್ ಅನ್ನುವ ಚಂಡಮಾರುತ ಒಂದೇ ದಿನದೊಳಗೆ ಸಾಧಾರಣ ಬಿರುಗಾಳಿಯಿಂದ ಐದನೇ ವರ್ಗಕ್ಕೆ, ಅಂದರೆ ಅದಕ್ಕಿಂತ ಮೇಲೆ ವರ್ಗವೇ ಇಲ್ಲದ ಮಟ್ಟಕ್ಕೆ ಏರಿತು. ಚಂಡಮಾರುತ ಎಲ್ಲಿಗೆ ಹೋಗುತ್ತದೆ ಅಂತ ಹೇಳುವುದರಲ್ಲಿ ಹವಾಮಾನದವರು ಈಗ ತುಂಬ ಮುಂದಿದ್ದಾರೆ. ಎಷ್ಟು ಬಲ ಪಡೆಯುತ್ತದೆ ಅಂತ ಹೇಳುವುದು ಇವತ್ತಿಗೂ ಅದಕ್ಕಿಂತ ಕಷ್ಟದ ಕೆಲಸ. ಅದಕ್ಕೇ ನಾನು ಹೇಳೋದು, ಸಾಧಾರಣ ಅಂತ ಹೇಳಿದರೂ ಜೋರಿನದು ಬರುತ್ತೆ ಅಂತಲೇ ಸಿದ್ಧವಾಗಿ.

ನಾವು ಇದ್ದ ಮನೆ ಕಡಲಿಗೆ ಹತ್ತಿರ, ತಗ್ಗಿನಲ್ಲಿ. ಅಲ್ಲಿ ಉಳಿಯುವ ಪ್ರಶ್ನೆಯೇ ಇರಲಿಲ್ಲ. ಚಿಕ್ಕಮ್ಮನ ಮನೆ ಸ್ವಲ್ಪ ಒಳಗೆ, ದಿಬ್ಬದ ಮೇಲೆ, ಆರ್‌ಸಿಸಿ ಮನೆ. ಅಲ್ಲಿಗೆ ಹೋಗುವುದು ಅಂತಾಯಿತು. ಹೊರಡುವ ಮೊದಲು ಅಂಗಳದಲ್ಲಿ ಬಿದ್ದಿದ್ದ ಪ್ರತಿಯೊಂದನ್ನೂ ಒಳಗೆ ಹಾಕಿದೆವು. ಹೂಕುಂಡ, ಬಕೆಟ್ಟು, ಮುರಿದ ಕುರ್ಚಿ, ತಗಡಿನ ತುಂಡು, ಎಲ್ಲ. ನೂರೈವತ್ತು ಕಿಲೋಮೀಟರ್ ವೇಗದಲ್ಲಿ ಬರುವ ತಗಡು ಏನು ಮಾಡುತ್ತದೆ ಅಂತ ನೋಡಿದವರಿಗೆ ಗೊತ್ತು, ಅದನ್ನು ಬರೆಯಲು ನನಗೆ ಇಷ್ಟ ಇಲ್ಲ. ಕಿಟಕಿ ಗಾಜಿಗೆ ಟೇಪು ಅಂಟಿಸುವವರು ಇದ್ದಾರೆ, ಅದರಿಂದ ಗಾಜು ಉಳಿಯುವುದಿಲ್ಲ, ಒಡೆದಾಗ ಚೂರುಗಳು ಇನ್ನೂ ದೊಡ್ಡದಾಗಿ ಬರುತ್ತವೆ ಅಷ್ಟೇ. ಹೊರಗಿನಿಂದ ಪ್ಲೈವುಡ್ ಹೊಡೆಯಬೇಕು. ಆಗಲಿಲ್ಲ ಅಂದರೆ ಕಿಟಕಿ ಇಲ್ಲದ ಒಳಕೋಣೆ ಯಾವುದು ಅಂತ ಮೊದಲೇ ನೋಡಿಟ್ಟುಕೊಳ್ಳಬೇಕು.

ನಮ್ಮ ಪಕ್ಕದ ಮನೆಯ ದೊಡ್ಡಪ್ಪ ಬರುವುದಿಲ್ಲ ಅಂತ ಕೂತುಬಿಟ್ಟರು. ರಕ್ತ ಸಂಬಂಧ ಏನೂ ಇಲ್ಲ, ಬೀದಿಯವರೆಲ್ಲ ಹಾಗೇ ಕರೆಯೋದು. "ಇಂಥವು ಎಷ್ಟು ನೋಡಿಲ್ಲ ನಾನು. ಹೊರಗೆ ಬಂದು ನೋಡು, ಆಕಾಶ ಹೇಗಿದೆ" ಅಂದರು. ಆಕಾಶ ನಿಜವಾಗಲೂ ಚೆನ್ನಾಗೇ ಇತ್ತು, ಅಲ್ವಾ, ಏನಂತ ವಾದ ಮಾಡೋದು? ನನ್ನ ಹೆಂಡತಿ ವಾದ ಮಾಡಲಿಲ್ಲ. ಅವರ ಮಾತ್ರೆಯ ಡಬ್ಬಿ, ಕನ್ನಡಕ, ಮನೆಪತ್ರ ತೆಗೆದು ಒಂದು ಚೀಲಕ್ಕೆ ಹಾಕಿದಳು. "ದೊಡ್ಡಪ್ಪ, ನಮಗೋಸ್ಕರ ಬನ್ನಿ. ನೀವು ಇಲ್ಲಿದ್ದರೆ ಮಧ್ಯರಾತ್ರಿ ಇವರು ನಿಮ್ಮನ್ನು ನೋಡೋಕೆ ಅಂತ ಹೊರಟುಬಿಡ್ತಾರೆ, ನಾನು ತಡೆಯೋಕಾಗಲ್ಲ" ಅಂದಳು. ಎದ್ದರು. ಹಟ ಹಿಡಿದ ಹಿರಿಯರಿಗೆ ಅವರ ಪ್ರಾಣದ ಭಯ ಹೇಳಿ ಪ್ರಯೋಜನ ಇಲ್ಲ ಅಂತ ನನಗೆ ಅನ್ನಿಸಿದ್ದು ಆಗ. ಅವರು ಹೆದರುವುದು ನಮ್ಮ ಬಗ್ಗೆ.

ಕತ್ತಲಾಗುವ ಹೊತ್ತಿಗೆ ಮಳೆ ಶುರುವಾಯಿತು. ಒಂದೇ ಸಮನೆ ಅಲ್ಲ, ಬರುತ್ತದೆ, ಹೋಗುತ್ತದೆ, ಮತ್ತೆ ಬಂದಾಗ ಮೊದಲಿಗಿಂತ ಜಾಸ್ತಿ. ಸುರುಳಿಯಾಗಿ ಸುತ್ತುವ ಮೋಡದ ಪಟ್ಟಿಗಳು ಒಂದೊಂದಾಗಿ ಮೇಲೆ ಹಾದು ಹೋಗುವುದರಿಂದ ಹೀಗೆ. ಆಮೇಲೆ ನಡುವಿನ ಬಿಡುವು ಇಲ್ಲದಾಯಿತು. ಕರೆಂಟು ಹೋಯಿತು, ಸ್ವಲ್ಪ ಹೊತ್ತಿಗೆ ಮೊಬೈಲ್ ಸಿಗ್ನಲ್ಲೂ ಹೋಯಿತು. ಬ್ಯಾಟರಿ ರೇಡಿಯೊ ಒಂದೇ ಉಳಿದದ್ದು.

ಮಳೆ ಮೇಲಿನಿಂದ ಬೀಳುವುದು ನಿಂತು ಅಡ್ಡಡ್ಡ ಬರತೊಡಗಿತು. ಕಿಟಕಿಯ ಸಂದಿಯಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ಚಿಮ್ಮುತ್ತಿತ್ತು. ಗಾಳಿಯ ಒತ್ತಡ ಇಳಿದಂತೆ ಕಿವಿ ಗವ್ ಅನ್ನುತ್ತಿತ್ತು, ಮಕ್ಕಳು ಕಿವಿ ಹಿಡಿದುಕೊಂಡು ಅಳುತ್ತಿದ್ದವು. ಗಾಳಿ ಎರಡು ಪಟ್ಟಾದರೆ ಅದರ ಹೊಡೆತ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. 120 ಕಿಲೋಮೀಟರ್ ತಡೆದ ಗೋಡೆ 240ಕ್ಕೆ ನಾಲ್ಕರಷ್ಟು ಒತ್ತಡ ತಡೆಯಬೇಕು. ನಾನು ಟಾರ್ಚ್ ಹಿಡಿದು ನೋಡುತ್ತಿದ್ದದ್ದು ಮುಂಬಾಗಿಲಿನ ಚಿಲಕ. ಬಾಗಿಲು ಒಳಕ್ಕೆ ಉಬ್ಬುತ್ತಿತ್ತು, ಮತ್ತೆ ಹಿಂದೆ ಹೋಗುತ್ತಿತ್ತು. ಪ್ರತಿ ಸಲ ಉಬ್ಬಿದಾಗ ಚಿಲಕದ ಕೆಳಗಿನ ಸ್ಕ್ರೂ ಮರದಿಂದ ಒಂದು ಕೂದಲೆಳೆಯಷ್ಟು ಹೊರಗೆ ಬರುತ್ತಿತ್ತು. ಸ್ಕ್ರೂನ ಸುರುಳಿ ಹೊಳೆಯುವುದು ಕಾಣಿಸತೊಡಗಿತು. ಆಗ ನಾನೂ ಚಿಕ್ಕಪ್ಪನೂ ಸೇರಿ ಮಂಚ ಎಳೆದು ಬಾಗಿಲಿಗೆ ಒತ್ತಿ, ಮಂಚದ ಇನ್ನೊಂದು ತುದಿಯನ್ನು ಎದುರು ಗೋಡೆಗೆ ಕೊಟ್ಟು, ನಡುವೆ ಉಳಿದ ಜಾಗಕ್ಕೆ ಪುಸ್ತಕದ ಕಟ್ಟು ತುರುಕಿದೆವು.

ಬಾಗಿಲಿಗೆ ಅಷ್ಟು ಕಷ್ಟಪಟ್ಟದ್ದಕ್ಕೆ ಕಾರಣ ಇದೆ. ಗಾಳಿ ಚಾವಣಿಯ ಮೇಲೆ ಹಾಯುವಾಗ ಅದನ್ನು ಮೇಲಕ್ಕೆ ಎಳೆಯುತ್ತದೆ. ಬಾಗಿಲೋ ಕಿಟಕಿಯೋ ಒಡೆದು ಗಾಳಿ ಒಳಗೆ ನುಗ್ಗಿದರೆ ಒಳಗಿನಿಂದಲೂ ಮೇಲಕ್ಕೆ ತಳ್ಳುತ್ತದೆ. ಎರಡೂ ಸೇರಿದಾಗ ಶೀಟಿನ ಚಾವಣಿ ಹಾರಿ ಹೋಗುತ್ತದೆ, ಚಾವಣಿ ಹೋದ ಮೇಲೆ ಗೋಡೆಗಳಿಗೆ ಹಿಡಿತ ಇರುವುದಿಲ್ಲ. ಒತ್ತಡ ಸಮ ಆಗಲಿ ಅಂತ ಒಂದು ಕಿಟಕಿ ತೆರೆದಿಡಿ ಅನ್ನುವವರು ಈಗಲೂ ಸಿಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 1974ರ ಕ್ರಿಸ್‌ಮಸ್ ದಿನ ಬೆಳಗಿನ ಜಾವ ಆಸ್ಟ್ರೇಲಿಯಾದ ಡಾರ್ವಿನ್ ನಗರಕ್ಕೆ ಟ್ರೇಸಿ ಚಂಡಮಾರುತ ಅಪ್ಪಳಿಸಿದಾಗ ಶೇಕಡ 70ಕ್ಕೂ ಹೆಚ್ಚು ಕಟ್ಟಡಗಳು ಹೋದವು. ಅಲ್ಲಿನ ವಿಮಾನ ನಿಲ್ದಾಣದ ಗಾಳಿ ಅಳೆಯುವ ಯಂತ್ರ 217 ಕಿಲೋಮೀಟರ್ ತೋರಿಸಿ ಕೆಟ್ಟುಹೋಯಿತು. ಚಾವಣಿಯನ್ನು ಗೋಡೆಯ ಮೂಲಕ ಪಾಯದವರೆಗೂ ಬಿಗಿದು ಕಟ್ಟಬೇಕು ಅನ್ನುವ ನಿಯಮಗಳು ಆ ದೇಶದಲ್ಲಿ ಬಿಗಿಯಾದದ್ದು ಅದಾದ ಮೇಲೆ.

ಆಮೇಲೆ ಒಮ್ಮೆಲೇ ಎಲ್ಲ ನಿಂತಿತು.

ನಿಧಾನಕ್ಕೆ ಕಡಿಮೆ ಆಗಲಿಲ್ಲ. ಕೆಲವೇ ನಿಮಿಷದಲ್ಲಿ ಆ ಗರ್ಜನೆ ದೂರಕ್ಕೆ ಹೋಯಿತು, ಮಳೆ ನಿಂತಿತು, ನಮ್ಮ ನಮ್ಮ ಉಸಿರು ನಮಗೇ ಕೇಳಿಸತೊಡಗಿತು. ಚಂಡಮಾರುತದ ಕಣ್ಣು ನಮ್ಮ ಮೇಲೆ ಬಂದಿತ್ತು. ಕಣ್ಣಿನ ಅಗಲ ಸಾಮಾನ್ಯವಾಗಿ 30ರಿಂದ 60 ಕಿಲೋಮೀಟರ್ ಇರುತ್ತದೆ, ಟ್ರೇಸಿಯಂಥ ಸಣ್ಣದರಲ್ಲಿ ಇನ್ನೂ ಕಡಿಮೆ. ಒಳಗೆ ಗಾಳಿ ಕೆಳಕ್ಕೆ ಇಳಿಯುವುದರಿಂದ ಮೋಡ ಚದುರುತ್ತದೆ. ಕಿಟಕಿ ಸಂದಿಯಿಂದ ನೋಡಿದರೆ ನಕ್ಷತ್ರ ಕಾಣುತ್ತಿತ್ತು. ಕಾಂಪೌಂಡ್ ಗೋಡೆಯ ಮೇಲೆ ಒಂದು ಕಡಲ ಹಕ್ಕಿ ರೆಕ್ಕೆ ಜೋತುಬಿಟ್ಟು ಕೂತಿತ್ತು. ಟಾರ್ಚ್ ಬೆಳಕು ಮುಖಕ್ಕೆ ಬಿದ್ದರೂ ಕದಲಲಿಲ್ಲ. ಇವು ಕಣ್ಣಿನೊಳಗೆ ಸಿಕ್ಕಿಬಿದ್ದು, ಸುತ್ತಲಿನ ಗಾಳಿಯ ಗೋಡೆ ದಾಟಲಾಗದೆ, ನೂರಾರು ಕಿಲೋಮೀಟರ್ ಅದರ ಜೊತೆಗೇ ಹಾರಿಕೊಂಡು ಬರುತ್ತವೆ.

ನಮ್ಮ ಜೊತೆ ಆಶ್ರಯ ಪಡೆದಿದ್ದವರಲ್ಲಿ ದೋಣಿಯವರ ಮನೆಯ ಹುಡುಗ ಒಬ್ಬನಿದ್ದ. ಅವನು ಆಗಲೇ ಮಂಚ ಸರಿಸಲು ಕೈ ಹಾಕಿದ್ದ.

"ಅಣ್ಣ, ನಿಂತಿತಲ್ಲ. ಓಡಿ ಹೋಗಿ ದೋಣಿ ನೋಡ್ಕೊಂಡು ಬಂದುಬಿಡ್ತೀನಿ."

ನಾನು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ಮೂಲೆಯಿಂದ ಕೂಗಿದರು. "ನಿಂತಿಲ್ಲ ಮಗಾ, ತಿರುಗ್ತಾ ಇದೆ. ಕೂತ್ಕೋ."

ಹುಡುಗನಿಗೆ ಸಿಟ್ಟು ಬಂತು. ಆ ದೋಣಿಯ ಮೇಲೆ ಅವರ ಮನೆಯ ಇಡೀ ಜೀವನ ನಿಂತಿದೆ, ಸಿಟ್ಟು ಬರದೇ ಇರುತ್ತದಾ? ದೊಡ್ಡಪ್ಪ ಎದ್ದು ಬಂದು ಅವನ ಪಕ್ಕದಲ್ಲಿ ಕೂತು ಅವನ ಮಣಿಕಟ್ಟು ಹಿಡಿದುಕೊಂಡರು. ಬಿಡಲೇ ಇಲ್ಲ. ಬೆಳಗ್ಗೆ ಬರುವುದಿಲ್ಲ ಅಂತ ಹಟ ಹಿಡಿದಿದ್ದ ಮನುಷ್ಯ ಅವರು. ಅವರು ಬಂದಿದ್ದಕ್ಕೆ ನಾನು ಈಗಲೂ ದೇವರಿಗೆ ಕೈ ಮುಗಿಯುತ್ತೇನೆ.

1926ರ ಸೆಪ್ಟೆಂಬರ್ 18ರ ಬೆಳಗ್ಗೆ ಅಮೆರಿಕದ ಮಯಾಮಿಯಲ್ಲಿ ಆದದ್ದು ಇದೇ. ರಾತ್ರಿಯೆಲ್ಲ ಬೀಸಿದ ಗಾಳಿ ಬೆಳಗಾಗುವ ಹೊತ್ತಿಗೆ ನಿಂತಿತು. ಆ ಊರಿಗೆ ಹೊಸದಾಗಿ ಬಂದು ನೆಲೆಸಿದ್ದವರೇ ಜಾಸ್ತಿ, ಇಂಥ ಗಾಳಿ ಅವರು ಕಂಡವರಲ್ಲ. ಮುಗಿಯಿತು ಅಂದುಕೊಂಡು ಬೀದಿಗೆ ಬಂದರು, ಹಾನಿ ನೋಡುತ್ತಾ ಓಡಾಡಿದರು, ಕೆಲವರು ಸೇತುವೆ ರಸ್ತೆ ಹಿಡಿದು ಹೊರಟರು. ಅಲ್ಲಿನ ಹವಾಮಾನ ಕಚೇರಿಯ ಮುಖ್ಯಸ್ಥ ರಿಚರ್ಡ್ ಗ್ರೇ ಹೊರಗೆ ಓಡಿಬಂದು, ಇನ್ನೂ ಮುಗಿದಿಲ್ಲ, ಒಳಗೆ ಹೋಗಿ ಅಂತ ಕೂಗಿ ಹೇಳಿದರು. ಸುಮಾರು ಅರ್ಧ ಗಂಟೆ ಅಷ್ಟೇ ಆ ಬಿಡುವು. ಗಾಳಿ ಎದುರು ದಿಕ್ಕಿನಿಂದ ಮರಳಿ ಬಂದಾಗ ಹೊರಗೆ ಸಿಕ್ಕಿಬಿದ್ದವರಲ್ಲಿ ಅನೇಕರು ಸತ್ತರು.

ಎರಡನೇ ಗಾಳಿ ಮೊದಲಿನ ಹಾಗೆ ಮೆಲ್ಲಗೆ ಏರಿಕೊಂಡು ಬರುವುದಿಲ್ಲ. ನೇರವಾಗಿ ಪೂರ್ತಿ ಬಲದಲ್ಲೇ ಬಡಿಯುತ್ತದೆ, ಯಾಕೆಂದರೆ ಕಣ್ಣಿನ ಅಂಚಿನಲ್ಲೇ ಅತಿ ಜೋರು ಗಾಳಿ ಇರುವುದು. ಒಂದು ಕಡೆಗೆ ಬಾಗಿ ಬಾಗಿ ಬೇರು ಸಡಿಲವಾಗಿದ್ದ ಮರಗಳನ್ನು ಈಗ ಇನ್ನೊಂದು ಕಡೆಗೆ ಬಗ್ಗಿಸುತ್ತದೆ. ಒಂದು ಅಂಚು ಎದ್ದಿದ್ದ ಶೀಟನ್ನು ಇನ್ನೊಂದು ಅಂಚಿನಿಂದ ಹಿಡಿಯುತ್ತದೆ. ನಮಗೆ ಮೊದಲ ಗಾಳಿ ನೆಲದ ಕಡೆಯಿಂದ ಬಂದಿತ್ತು. ಎರಡನೆಯದು ಕಡಲಿನ ಕಡೆಯಿಂದ ಬಂತು. ಕಡಲೂ ಅದರ ಜೊತೆ ಬಂತು.

ಇದನ್ನು ಬಿಡಿಸಿ ಹೇಳಲೇಬೇಕು. ಚಂಡಮಾರುತದಲ್ಲಿ ಇಷ್ಟು ವರ್ಷ ಸತ್ತವರಲ್ಲಿ ಹೆಚ್ಚಿನವರು ಸತ್ತದ್ದು ನೀರಿನಿಂದ. ಗಾಳಿ ದಿನಗಟ್ಟಲೆ ಕಡಲ ನೀರನ್ನು ಮುಂದೆ ತಳ್ಳುತ್ತಾ ಬರುತ್ತದೆ. ಆಳ ಇರುವ ಕಡೆ ಆ ನೀರು ಕೆಳಗಿನಿಂದ ಹಿಂದಕ್ಕೆ ಹರಿದುಹೋಗುತ್ತದೆ, ದಡದ ಹತ್ತಿರ ಆಳ ಕಡಿಮೆ, ಹೋಗಲು ದಾರಿ ಇಲ್ಲ, ಅದಕ್ಕೇ ಮೇಲೇರುತ್ತದೆ. ಒತ್ತಡ ಕಡಿಮೆಯಾದದ್ದರಿಂದಲೂ ಕಡಲಮಟ್ಟ ಸ್ವಲ್ಪ ಉಬ್ಬುತ್ತದೆ, ಒತ್ತಡ ಒಂದು ಹೆಕ್ಟೋಪ್ಯಾಸ್ಕಲ್ (ಗಾಳಿಯ ಒತ್ತಡ ಅಳೆಯುವ ಮಾನ) ಇಳಿದರೆ ಸುಮಾರು ಒಂದು ಸೆಂಟಿಮೀಟರ್. ಆದರೆ ದೊಡ್ಡ ಪಾಲು ಗಾಳಿಯದ್ದೇ. ಅದು ಉಬ್ಬರದ ಹೊತ್ತಿಗೇ ಸರಿಯಾಗಿ ಬಂದರೆ ಎರಡೂ ಕೂಡಿಕೊಳ್ಳುತ್ತವೆ. ಒಂದು ಘನ ಮೀಟರ್ ನೀರು ಅಂದರೆ ಒಂದು ಟನ್ ತೂಕ. ಮಂಡಿ ಮಟ್ಟದ ನೀರು ಅಲ್ವಾ, ದಾಟಿಬಿಡೋಣ ಅನ್ನಿಸುತ್ತದೆ. ಹರಿಯುವ ನೀರು ಮಂಡಿ ಮಟ್ಟ ಬಂದರೆ ಗಟ್ಟಿಮುಟ್ಟಾದ ಆಳನ್ನೂ ಉರುಳಿಸುತ್ತದೆ.

ಗಾಳಿ ನೆಲದಿಂದ ಕಡಲ ಕಡೆಗೆ ಬೀಸುವಷ್ಟು ಹೊತ್ತು ನೀರು ಹಿಂದಕ್ಕೂ ಹೋಗಬಹುದು. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಬಂದಾಗ ಫ್ಲೋರಿಡಾದ ಟ್ಯಾಂಪಾ ಕೊಲ್ಲಿಯಲ್ಲಿ ನೀರು ಹಿಂದೆ ಸರಿದು ತಳ ಕಾಣಿಸಿತು, ಜನ ಅದರ ಮೇಲೆ ಇಳಿದು ನಡೆದಾಡಿದರು. ಅದೇ ದಿನ ಅಲ್ಲಿಂದ ದಕ್ಷಿಣಕ್ಕಿರುವ ನೇಪಲ್ಸ್ ಊರಿನಲ್ಲಿ ಹೀಗೇ ಹಿಂದೆ ಸರಿದ ನೀರು, ಕಣ್ಣು ದಾಟಿ ಗಾಳಿಯ ದಿಕ್ಕು ತಿರುಗಿದ ಮೇಲೆ ಸರಸರನೆ ಏರಿಬಂತು. ಬರಿದಾದ ಕಡಲತಳ ನೋಡಿದರೆ ಯಾರಿಗಾದರೂ ಇಳಿಯಬೇಕು ಅನ್ನಿಸುತ್ತದೆ, ಮಕ್ಕಳಿಗಂತೂ ಕೇಳಲೇಬೇಡಿ. ಆ ಹೊತ್ತಿನಲ್ಲಿ ಅವರ ಕೈ ಬಿಡಬೇಡಿ.

1970ರ ನವೆಂಬರ್ 12ರ ರಾತ್ರಿ ಬಂಗಾಳ ಕೊಲ್ಲಿಯ ತುದಿಯಲ್ಲಿ, ಈಗಿನ ಬಾಂಗ್ಲಾದೇಶದ ಭೋಲಾ ದ್ವೀಪದ ಸುತ್ತಮುತ್ತ, ನೀರು ಹೀಗೆ ಏರಿ ಕಡಿಮೆ ಅಂದರೂ 3 ಲಕ್ಷ ಜನ ಸತ್ತರು. ಒಂದು ರಾತ್ರಿಯಲ್ಲಿ. ಆ ಕೊಲ್ಲಿ ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ, ನೀರಿನ ಆಳವೂ ಅಲ್ಲಿ ಕಡಿಮೆ, ದ್ವೀಪಗಳು ಮಟ್ಟಸ. ಓಡಿ ಹೋಗಲು ಎತ್ತರದ ಜಾಗವೇ ಇರಲಿಲ್ಲ. ಅದಾದ ಮೇಲೆ ಅಲ್ಲಿ ಊರೂರಿನಲ್ಲಿ ಸ್ವಯಂಸೇವಕರನ್ನು ತಯಾರು ಮಾಡಿದರು. ಬಾವುಟ ಏರಿಸುವುದು, ಮೆಗಾಫೋನ್ ಹಿಡಿದು ಮನೆಮನೆಗೆ ಹೋಗಿ ಎಬ್ಬಿಸುವುದು ಅವರ ಕೆಲಸ. ಕಾಲ ಹೋದಂತೆ ಕಂಬಗಳ ಮೇಲೆ ನಿಂತ ಆಶ್ರಯ ಕಟ್ಟಡಗಳು ಬಂದವು. ಒಡಿಶಾದಲ್ಲೂ ಹಾಗೇ ಆಯಿತು. 1999ರ ಅಕ್ಟೋಬರ್ 29ರ ಸೂಪರ್ ಸೈಕ್ಲೋನ್‌ನಲ್ಲಿ ಅಲ್ಲಿ 10 ಸಾವಿರದಷ್ಟು ಜನ ಹೋದರು. 2019ರ ಮೇ 3ರಂದು ಫನಿ ಬರುವ ಮೊದಲೇ ಸುಮಾರು 12 ಲಕ್ಷ ಜನರನ್ನು ಸಾಗಿಸಿದ್ದರು, ಆ ರಾಜ್ಯದಲ್ಲಿ ಸತ್ತವರು 64. ಆ 64 ಮನೆಗಳ ದುಃಖ ಕಡಿಮೆ ಅಂತ ನಾನು ಹೇಳುತ್ತಿಲ್ಲ. ಆದರೆ ಈ ಎರಡು ಸಂಖ್ಯೆಗಳ ನಡುವೆ ಇರುವುದು ಬಿಸಿಲು ಇರುವಾಗಲೇ ಮನೆ ಬಿಟ್ಟು ಹೊರಟ ಜನ, ಅವರನ್ನು ಹೊರಡಿಸಿದ ಜನ. ಎಲ್ಲಿಗೆ ಹೋಗುತ್ತೇವೆ ಅನ್ನುವುದೂ ಅಷ್ಟೇ ಮುಖ್ಯ. 2013ರಲ್ಲಿ ಫಿಲಿಪೀನ್ಸ್‌ನ ಟಕ್ಲೋಬಾನ್‌ನಲ್ಲಿ ಹೈಯಾನ್ ಬಂದಾಗ ಜನ ಹೋಗಿ ಸೇರಿದ ಕೆಲವು ಆಶ್ರಯ ಕೇಂದ್ರಗಳಿಗೇ ನೀರು ನುಗ್ಗಿತು. ಗಾಳಿ ತಡೆಯುವ ಕಟ್ಟಡ ಸಾಲದು, ಅದು ಎತ್ತರದಲ್ಲೂ ಇರಬೇಕು.

ನಮ್ಮ ಮನೆಗೆ ಮರಳಿ ಹೋದಾಗ ಗೋಡೆಯ ಮೇಲೆ ಒಂದು ಗೆರೆ ಇತ್ತು. ನನ್ನ ಎದೆಯ ಮಟ್ಟಕ್ಕೆ, ಎಲ್ಲ ಕೋಣೆಯಲ್ಲೂ ಒಂದೇ ಸಮ. ಗೆರೆಗೆ ಸಣ್ಣ ಸಣ್ಣ ಕಪ್ಪೆಚಿಪ್ಪಿನ ಚೂರು, ಹುಲ್ಲಿನ ಎಳೆ, ನುಣ್ಣನೆ ಕೆಸರು ಅಂಟಿಕೊಂಡಿತ್ತು. ದೊಡ್ಡಪ್ಪ ಅವರ ಮನೆಯ ಗೆರೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಅವರು ದಿನಾ ಮಲಗುವ ಮಂಚ ಅದಕ್ಕಿಂತ ಎಷ್ಟೋ ಕೆಳಗಿತ್ತು. ಹುಡುಗನ ದೋಣಿ ಮಗುಚಿ ಒಂದು ಬದಿ ಸೀಳಿತ್ತು, ಆದರೆ ಇಂಜಿನ್ ಉಳಿದಿತ್ತು, ಅವನೂ ಉಳಿದಿದ್ದ.

ಇನ್ನು ಆಮೇಲಿನ ದಿನಗಳು. ಇವುಗಳ ಬಗ್ಗೆ ಯಾರೂ ಕೇಳುವುದಿಲ್ಲ, ನನಗೆ ಅತಿ ಹೆಚ್ಚು ಹೇಳಬೇಕು ಅನ್ನಿಸುವುದು ಇವುಗಳ ಬಗ್ಗೆ. ಬಿಸಿಲು ಬಂತು. ನಿಂತ ಮರಗಳಲ್ಲಿ ಎಲೆ ಇರಲಿಲ್ಲ, ಇದ್ದ ಕಡೆ ಉಪ್ಪುಗಾಳಿಗೆ ಸುಟ್ಟ ಹಾಗೆ ಕಂದಾಗಿತ್ತು, ನೆರಳು ಅನ್ನುವುದೇ ಎಲ್ಲೂ ಇಲ್ಲ. ಬಾವಿಗಳಿಗೆ ಕಡಲ ನೀರು ಸೇರಿತ್ತು. ಸುತ್ತ ನೀರು, ಕುಡಿಯಲು ಇಲ್ಲ. ಎಲ್ಲರೂ ಒಟ್ಟಿಗೇ ಚಾವಣಿ ಹತ್ತಿದರು, ಮುಳುಗಿದ ಮೊಳೆ ತುಳಿದರು, ಬಿದ್ದ ಮರ ಕಡಿಯಲು ಹೋಗಿ ಕೈಕಾಲು ಕೊಯ್ದುಕೊಂಡರು. ನೀರಿನಿಂದ ತಪ್ಪಿಸಿಕೊಂಡ ಹಾವುಗಳು ನಮ್ಮ ಹಾಗೆಯೇ ಎತ್ತರದ ಜಾಗ ಹುಡುಕಿಕೊಂಡಿದ್ದವು, ಮಡಚಿಟ್ಟ ಬಟ್ಟೆಯ ಒಳಗೆ, ಅಟ್ಟದ ಮೇಲೆ. ಬಿದ್ದ ತಂತಿ ಸತ್ತಿದೆ ಅಂತ ತಿಳಿದು ದಾಟುವವರನ್ನು ನೋಡಿದರೆ ಎದೆ ಝಲ್ಲೆನ್ನುತ್ತಿತ್ತು.

ಜನರೇಟರ್ ವಿಷಯ ಹೇಳದೆ ಬಿಡುವುದಿಲ್ಲ. 2011ರ ಫೆಬ್ರವರಿಯಲ್ಲಿ ಯಾಸಿ ಅನ್ನುವ ಐದನೇ ವರ್ಗದ ಚಂಡಮಾರುತ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತೀರಕ್ಕೆ ಬಂತು. ಜನ ಮೊದಲೇ ಖಾಲಿ ಮಾಡಿದ್ದರು, ಮನೆಗಳು ಗಟ್ಟಿಯಾಗಿದ್ದವು. ಅಷ್ಟು ದೊಡ್ಡದರಲ್ಲಿ ಹೋದದ್ದು ಒಂದೇ ಜೀವ. ಒಬ್ಬ ಯುವಕ, ಮುಚ್ಚಿದ ಜಾಗದಲ್ಲಿ ಜನರೇಟರ್ ಓಡಿಸಿಕೊಂಡಿದ್ದವನು, ಅದರ ಹೊಗೆಯಿಂದ. ಆ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ಸುಸ್ತು ಅಂತ ಮಲಗಿದವರು ಏಳುವುದಿಲ್ಲ. ವರಾಂಡವೂ ಬೇಡ, ಕಿಟಕಿಯ ಪಕ್ಕವೂ ಬೇಡ, ಮಳೆ ನಿಂತ ಮೇಲೆ ಮನೆಯಿಂದ ದೂರ ಬಯಲಲ್ಲಿ ಇಡಿ. ಅದನ್ನು ಮನೆಯ ಪ್ಲಗ್‌ಗೆ ನೇರ ಚುಚ್ಚಲೂಬೇಡಿ. ಕರೆಂಟು ಹಿಂದಕ್ಕೆ ಹರಿದು, ಲೈನು ಸತ್ತಿದೆ ಅಂತ ನಂಬಿ ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮ್ಯಾನ್‌ಗೆ ಹೊಡೆಯುತ್ತದೆ. ಆತ ತನ್ನ ಮನೆಯ ಚಾವಣಿ ಹಾಗೇ ಬಿಟ್ಟು ನಮ್ಮ ಮನೆಯ ದೀಪಕ್ಕೆ ಅಂತ ಬಂದಿರುತ್ತಾನೆ.

ಇನ್ನೂ ತಡವಾಗಿ, ಸದ್ದಿಲ್ಲದೆ ಹೋಗುವವರಿದ್ದಾರೆ. 2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಪೋರ್ಟೊ ರಿಕೊ ದ್ವೀಪವನ್ನು ದಾಟಿತು. ಸರ್ಕಾರ ತಿಂಗಳುಗಟ್ಟಲೆ ಹೇಳಿದ ಲೆಕ್ಕ 64 ಸಾವು. ಮುಂದಿನ ವರ್ಷ ಒಂದು ವಿಶ್ವವಿದ್ಯಾಲಯದ ಅಧ್ಯಯನದ ಮೇಲೆ ಅದನ್ನು 2975ಕ್ಕೆ ತಿದ್ದಿದರು. ಉಳಿದವರೆಲ್ಲ ಎಲ್ಲಿದ್ದರು? ಮನೆಯಲ್ಲೇ ಇದ್ದರು. ಡಯಾಲಿಸಿಸ್ ಬೇಕಾದವರು, ಆಮ್ಲಜನಕದ ಯಂತ್ರದ ಮೇಲೆ ಬದುಕುವವರು, ಫ್ರಿಜ್ಜಿನಲ್ಲಿ ಇನ್ಸುಲಿನ್ ಇಟ್ಟುಕೊಂಡವರು, ಸೆಕೆ ತಡೆಯದ ಮುದುಕರು. ತಿಂಗಳುಗಟ್ಟಲೆ ಕರೆಂಟು ಇಲ್ಲದಿದ್ದಾಗ, ರಸ್ತೆ ಇಲ್ಲದಿದ್ದಾಗ, ಅವರು ಒಬ್ಬೊಬ್ಬರಾಗಿ ಹೋದರು. ಮೊದಲ ವಾರ ನೆರವು ತುಂಬಿದ ಲಾರಿಗಳು ಬರುತ್ತವೆ, ಕ್ಯಾಮೆರಾಗಳು ಬರುತ್ತವೆ. ಇಂಥವರಿಗೆ ಕಷ್ಟ ಬಲಿಯುವುದು ಅವೆಲ್ಲ ವಾಪಸ್ ಹೋದ ಮೇಲೆ.

ನಮ್ಮ ಬೀದಿಯಲ್ಲೂ ಅದೇ ಆಗುವುದರಲ್ಲಿತ್ತು. ಒಂದು ಮನೆಯ ಅಜ್ಜಿ ಒಬ್ಬರೇ ಇದ್ದರು, ಎಲ್ಲರೂ ಅವರನ್ನು ಮಗಳು ಕರೆದುಕೊಂಡು ಹೋಗಿದ್ದಾಳೆ ಅಂದುಕೊಂಡಿದ್ದರು. ನೀರಿನ ಕ್ಯಾನು ಹಂಚಲು ಹೋದ ಹುಡುಗ, ಅದೇ ದೋಣಿಯ ಹುಡುಗ, ಸುಮ್ನೆ ಒಂದು ಸಲ ಬಾಗಿಲು ಬಡಿದು ನೋಡಿದ. ಒಳಗಿನಿಂದ ಸಣ್ಣ ದನಿ ಬಂತು. ಅಜ್ಜಿ ಉಳಿದರು.

ಅಂದಿನಿಂದ ನಾವು ಬೀದಿಯವರೇ ಒಂದು ಪಟ್ಟಿ ಇಟ್ಟಿದ್ದೇವೆ. ಮೊಬೈಲಿನಲ್ಲಿ ಅಲ್ಲ, ಕಾಗದದ ಮೇಲೆ, ಪ್ಲಾಸ್ಟಿಕ್ ಕವರಿನಲ್ಲಿ. ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರಿಗೆ ಯಾವ ಔಷಧಿ, ಯಾರ ಹತ್ತಿರ ಗಾಡಿ ಇದೆ, ಯಾರು ಯಾರನ್ನು ಹೊರಡಿಸಬೇಕು, ಗಾಳಿ ಹೋದ ಮೇಲೆ ಯಾರು ಯಾರ ಬಾಗಿಲು ಬಡಿಯಬೇಕು. ಪ್ರತಿ ವರ್ಷ ಗಾಳಿಯ ಕಾಲ ಶುರುವಾಗುವ ಮೊದಲು ಕೂತು ತಿದ್ದುತ್ತೇವೆ. ಈ ಸಲ ಮೂಲೆ ಮನೆಗೆ ಬಾಣಂತಿ ಬಂದಿದ್ದಾರೆ, ಅವರ ಹೆಸರು ಸೇರಿಸಿದ್ದೇವೆ. ಅವರನ್ನು ಕರೆದುಕೊಂಡು ಹೋಗುವ ಗಾಡಿ ಯಾರದ್ದು ಅಂತ ಇನ್ನೂ ಗೊತ್ತು ಮಾಡಿಲ್ಲ. ಭಾನುವಾರ ಎಲ್ಲರೂ ಸಿಗುತ್ತಾರೆ, ಅವತ್ತು ಮಾಡುತ್ತೇವೆ.